ಬೇರೆ, ಭಿನ್ನ, ಇತರ, ಅನ್ಯ: ಬೇರ್ಪಡಿಸಿ ಹೇಳುವ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಬರೆದವರ ಜೊತೆ ನನಗೆ ಜಗಳವಾಗುವುದು ಬಹುತೇಕ ಸಣ್ಣ ಪದಗಳ ವಿಚಾರದಲ್ಲಿ: ಬೇರೆ, ಇತರ, ಒಂದೇ, ಅಲ್ಲದೆ, ಹೊರತುಪಡಿಸಿ. ಒಂದನ್ನು ಇನ್ನೊಂದರಿಂದ ಬಿಡಿಸಿ ತೋರಿಸಲೆಂದೇ ಇರುವ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಎಂದು ಬಳಸಿಬಿಟ್ಟರೆ ಓದುಗ ಯಾರನ್ನು ಕೇಳಬೇಕು? ವರ್ಷಗಳಿಂದ ಕಿವಿಗೆ ಬಿದ್ದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಅಲ್ಲಿ ಹೇಳಲು ಹೆಚ್ಚಿಗೆ ಇತ್ತು.

ಬೇರೆ, ಇತರ, ಅನ್ಯ, ಭಿನ್ನ: ನಾಲ್ಕಕ್ಕೂ ಅರ್ಥ ಒಂದೇ ಅಲ್ಲವೇ?

ನಿಘಂಟಿನಲ್ಲಿ ಒಂದರ ಎದುರು ಇನ್ನೊಂದನ್ನು ಬರೆದಿರುತ್ತಾರೆ, ನಿಜ. ಆದರೆ 'ಭಾಷೆ' ಎಂಬ ಪದದ ಮುಂಚೆ ಒಂದೊಂದನ್ನೇ ಇಟ್ಟು ನೋಡಿ. 'ಬೇರೆ ಭಾಷೆ' ಎಂದರೆ ಈಗ ಮಾತಾಡುತ್ತಿರುವುದನ್ನು ಬಿಟ್ಟು ಇನ್ನಾವುದೋ ಒಂದು. ಅದರಲ್ಲಿ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. 'ಇತರ ಭಾಷೆಗಳು' ಎನ್ನುವಾಗ ಒಂದು ಗುಂಪು ಮೊದಲೇ ಮನಸ್ಸಿನಲ್ಲಿರುತ್ತದೆ. ಅದರಿಂದ ಒಂದನ್ನು ಎತ್ತಿ ಬದಿಗಿಟ್ಟು ಮಿಕ್ಕವುಗಳ ಕಡೆ ಕೈ ತೋರಿಸುತ್ತೇವೆ. ಅದಕ್ಕೇ 'ಇತರ' ಸಾಮಾನ್ಯವಾಗಿ ಬಹುವಚನವನ್ನು ಬಯಸುತ್ತದೆ. 'ಇತರ ಭಾಷೆ ಕಲಿ' ಎಂದು ಯಾರಾದರೂ ಹೇಳಿದರೆ ಕಿವಿಗೆ ಏನೋ ಚುಚ್ಚಿದಂತಾಗುತ್ತದೆ.

'ಅನ್ಯ ಭಾಷೆ' ಎಂದೊಡನೆ ನಡುವೆ ಬೇಲಿ ಎದ್ದಿತು: ನಮ್ಮದು ಈಚೆ, ಅದು ಆಚೆ. ಸುಮ್ಮನೆ ಮಾಹಿತಿ ಕೊಡುವ ವಾಕ್ಯದಲ್ಲಿ 'ಅನ್ಯ' ಬಂದರೆ ನಾನು ಬರೆದವರಿಗೆ ಫೋನ್ ಮಾಡಿ, 'ಬೇಲಿ ಬೇಕೇ?' ಎಂದು ಕೇಳುತ್ತೇನೆ. ಬೇಕೆಂದರೆ ಇರಲಿ. ಇದೇ 'ಅನ್ಯ'ಕ್ಕೆ ಒಂದು ನಿಷೇಧ ಸೇರಿದರೆ 'ಅನನ್ಯ': ಬೇರೆ ಯಾವುದೂ ಇಲ್ಲದ್ದು. ಅನನ್ಯ ಭಕ್ತಿ ಎಂದರೆ ಮನಸ್ಸು ಬೇರೆ ಕಡೆ ಹರಿಯದ ಭಕ್ತಿ.

'ಭಿನ್ನ'ದ ಕಥೆ ಬೇರೆ. ಸಂಸ್ಕೃತದ 'ಭಿದ್' ಧಾತುವಿಗೆ ಒಡೆ, ಸೀಳು ಎಂದು ಅರ್ಥ. ಬಿರುಕು ಬಿಟ್ಟ ವಿಗ್ರಹವನ್ನು 'ಭಿನ್ನವಾಗಿದೆ' ಎನ್ನುತ್ತೇವೆ. ಗಣಿತದಲ್ಲಿ ಪೂರ್ಣವನ್ನು ಒಡೆದರೆ ಭಿನ್ನರಾಶಿ. ಹಾಗಾಗಿ ಒಂದಾಗಿದ್ದದ್ದು, ಅಥವಾ ಒಂದಾಗಿರುತ್ತದೆ ಎಂದು ನಾವು ಎಣಿಸಿದ್ದು ಒಡೆದಾಗ ಈ ಪದ ಚೆನ್ನಾಗಿ ಕೂರುತ್ತದೆ. ಒಂದೇ ಪಕ್ಷದ ಒಳಗಿದ್ದುಕೊಂಡು ಮುನಿದವರು ಭಿನ್ನಮತೀಯರು; ಎದುರು ಪಕ್ಷದವರನ್ನು ಯಾವ ಪತ್ರಿಕೆಯೂ ಹಾಗೆ ಕರೆಯುವುದಿಲ್ಲ.

'ಪರ' ಎಂಬುದೂ ಇದೇ ಗುಂಪಿನದಲ್ಲವೇ?

ಹೌದು, ಮತ್ತು ಗುಂಪಿನಲ್ಲೇ ಅತಿ ತುಂಟ. ಮುಂದೆ ಬಂದರೆ ಹೊರಗಿನವನು: ಪರಭಾಷೆ, ಪರದೇಶ, ಪರರು. ಹಿಂದೆ ಸೇರಿದರೆ ನೆಂಟ: ಕನ್ನಡಪರ, ರೈತಪರ, ಜನಪರ. ಅದೇ ಎರಡಕ್ಷರ ಸ್ಥಾನ ಬದಲಿಸಿದ ಮಾತ್ರಕ್ಕೆ ಬೇಲಿಯ ಆಚೆಯಿಂದ ಮನೆಯೊಳಕ್ಕೆ ಬಂದುಬಿಡುತ್ತದೆ.

'ಮಳೆ ಬೇರೆ' ಎನ್ನುವಾಗ 'ಬೇರೆ' ಏನನ್ನು ಬೇರೆ ಮಾಡುತ್ತಿದೆ?

ಏನನ್ನೂ ಬೇರೆ ಮಾಡುತ್ತಿಲ್ಲ, ಸೇರಿಸುತ್ತಿದೆ. 'ಬಸ್ ತಪ್ಪಿತು, ಮಳೆ ಬೇರೆ' ಎಂದರೆ ಇದ್ದ ಕಷ್ಟ ಸಾಲದು ಎಂಬಂತೆ ಮಳೆಯೂ ಬಂತು. ಹೆಸರಿನ ಮುಂಚೆ ಬಂದಾಗ ಬೇರ್ಪಡಿಸುವ ಪದ, ಹೆಸರಿನ ಬಳಿಕ ಬಂದಾಗ ಗೊಣಗುವ ಪದ. 'ಬೇರೆಯವನು ಬಂದ' ಮತ್ತು 'ಅವನು ಬೇರೆ ಬಂದ' ಎಂಬ ಎರಡನ್ನು ಜೋರಾಗಿ ಓದಿ ನೋಡಿ. ಎರಡನೆಯದರಲ್ಲಿ ಬಂದವನ ಮೇಲಿನ ಅಸಮಾಧಾನವೆಲ್ಲ ಆ ಎರಡು ಅಕ್ಷರಗಳಲ್ಲಿದೆ. ಆದರೆ 'ಅವನು ಹೇಳಿದ್ದು ಬೇರೆ, ಮಾಡಿದ್ದು ಬೇರೆ' ಎಂಬಲ್ಲಿ ಮತ್ತೆ ಬೇರ್ಪಡಿಸುವ ಕೆಲಸ. ಅಲ್ಲಿ ಅದು ವಾಕ್ಯದ ಕೊನೆಗೆ ಕ್ರಿಯಾಪದದಂತೆ ನಿಂತಿದೆ.

ಇನ್ನೊಂದು, ಮತ್ತೊಂದು, ಬೇರೊಂದು: ಯಾವುದನ್ನು ಯಾವಾಗ?

ಎದುರಿಗೆ ಒಂದು ಲೋಟ ನೀರಿದೆ, ಅದರಲ್ಲಿ ನೊಣ ಬಿದ್ದಿದೆ ಎಂದುಕೊಳ್ಳಿ. 'ಇನ್ನೊಂದು ಲೋಟ ನೀರು ಕೊಡಿ' ಎಂದರೆ ನಿಮಗೆ ಬಾಯಾರಿಕೆ ತೀರಿಲ್ಲ ಎಂದೇ ಕೊಡುವವರು ತಿಳಿಯುತ್ತಾರೆ. 'ಬೇರೆ ನೀರು ಕೊಡಿ' ಎನ್ನಿ, ಅವರ ಕಣ್ಣು ತಾನಾಗಿಯೇ ಲೋಟದೊಳಕ್ಕೆ ಹೋಗುತ್ತದೆ. 'ಇನ್ನೊಂದು' ಎಣಿಕೆಯನ್ನು ಮುಂದುವರಿಸುತ್ತದೆ; 'ಬೇರೊಂದು' ಇದ್ದುದನ್ನು ಪಕ್ಕಕ್ಕೆ ಸರಿಸುತ್ತದೆ.

ಜೋಡಿಯಾಗಿರುವ ವಸ್ತುಗಳಿಗೆ 'ಇನ್ನೊಂದು' ಮಾತ್ರ. ಒಂದು ಕಣ್ಣು ಕೆಂಪಾಗಿದೆ, ಇನ್ನೊಂದು ಕಣ್ಣು ಸರಿಯಿದೆ. 'ಬೇರೊಂದು ಕಣ್ಣು' ಎಂದರೆ ಅದು ಮತ್ತೊಬ್ಬರ ಮುಖದಲ್ಲಿರಬೇಕು. 'ಮತ್ತೊಂದು' ಸರದಿಯ ಪದ, ಒಂದಾದ ಮೇಲೆ ಬರುವುದು. 'ಇನ್ನೊಂದು' ಆಗಲೇ ಬಳಕೆಯಾಗಿದ್ದರೆ ಅದರ ಹಿಂದೆ 'ಮತ್ತೊಂದು', ಆಮೇಲೆ 'ಮಗದೊಂದು'. ನಾಲ್ಕನೆಯದಕ್ಕೆ ಕನ್ನಡದ ತಾಳ್ಮೆ ಮುಗಿಯುತ್ತದೆ, ಅಂಕಿ ಹಾಕಿಕೊಳ್ಳುವುದೇ ವಾಸಿ.

'ಇತರ' ಸರಿಯೋ 'ಇತರೆ' ಸರಿಯೋ?

'ಇತರ'. ಇತರರು, ಇತರೇತರ ಎಂಬ ರೂಪಗಳೆಲ್ಲ ಅದರಿಂದಲೇ ಹುಟ್ಟಿವೆ. ಅರ್ಜಿ ನಮೂನೆಗಳ ಕೊನೆಯ ಕಲಮಿನಲ್ಲಿ 'ಇತರೆ' ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ ಅದನ್ನು ಅಲ್ಲಿಂದ ಎಬ್ಬಿಸುವ ಆಸೆ ನನಗಿಲ್ಲ. ಬರಹದಲ್ಲಿ ಬಂದರೆ ಮಾತ್ರ ತಿದ್ದುತ್ತೇನೆ.

ಇದಕ್ಕಿಂತ ಗಮನ ಕೊಡಬೇಕಾದದ್ದು 'ಇತರ' ಮತ್ತು 'ಉಳಿದ' ಎಂಬ ಪದಗಳ ಕಡೆಗೆ. ಹತ್ತು ಮಂದಿಯಲ್ಲಿ ಮೂವರು ಬಂದರು. 'ಉಳಿದವರು ಫೋನ್ ಮಾಡಿದರು' ಎಂದರೆ ಏಳು ಫೋನ್ ಬಂದಿವೆ, ಲೆಕ್ಕ ಮುಗಿಯಿತು. 'ಇತರರು ಫೋನ್ ಮಾಡಿದರು' ಎಂದರೆ ಎಷ್ಟು ಎಂಬುದು ಹೇಳಿದವರಿಗೇ ಗೊತ್ತಿಲ್ಲದಿರಬಹುದು. 'ಮಿಕ್ಕ' ಕೂಡ 'ಉಳಿದ'ದಂತೆಯೇ ಲೆಕ್ಕ ಮುಗಿಸುವ ಪದ. ಇನ್ನು ಇದ್ದವರೆಲ್ಲರ ಹೆಸರನ್ನೂ ಬರೆದು ಕೊನೆಗೆ 'ಮುಂತಾದವರು' ಎಂದು ಸೇರಿಸುವ ಅಭ್ಯಾಸವಿದೆ. ಆ ಮುಂತಾದವರು ಯಾರು?

ವ್ಯತ್ಯಾಸ, ಭೇದ, ಅಂತರ: ಇವುಗಳಲ್ಲಿ ಏನು ವ್ಯತ್ಯಾಸ?

ಅಳೆಯಬಹುದಾದದ್ದು ಅಂತರ. ಎರಡು ಕಂಬಗಳ ಅಂತರ, ಗೆಲುವಿನ ಅಂತರ, ವಯಸ್ಸಿನ ಅಂತರ. 2020ರಲ್ಲಿ ಕೊರೊನಾ ಬಂದಾಗ 'ಸಾಮಾಜಿಕ ಅಂತರ' ಎಂದದ್ದು ಅದಕ್ಕೇ, ಅಲ್ಲಿ ಅಡಿಯ ಲೆಕ್ಕವಿತ್ತು. 'ಸಾಮಾಜಿಕ ಭೇದ' ಎಂದಿದ್ದರೆ ಕೇಳುವವರು ಬೆಚ್ಚಿಬೀಳುತ್ತಿದ್ದರು.

ಭೇದ ಎಂಬುದು ಅಳತೆಯಲ್ಲ, ಗೆರೆ. ಯಾರೋ ಎಳೆದ ಗೆರೆ, ಇಲ್ಲವೇ ವಸ್ತುವಿನಲ್ಲೇ ಇರುವ ಗೆರೆ: ಜಾತಿಭೇದ, ಪಂಕ್ತಿಭೇದ, ಪಾಠಭೇದ. ತಮ್ಮನಿಗೂ ಅಣ್ಣನಿಗೂ ಐದು ವರ್ಷದ ಅಂತರ ಎನ್ನಬಹುದು, ಐದು ವರ್ಷದ ವ್ಯತ್ಯಾಸ ಎನ್ನಬಹುದು. ಐದು ವರ್ಷದ ಭೇದ ಎಂದು ಯಾರೂ ಅನ್ನುವುದಿಲ್ಲ. ರಾಜನೀತಿಯ ಸಾಮ, ದಾನ, ಭೇದ, ದಂಡಗಳಲ್ಲಿ ಮೂರನೆಯದು ಒಗ್ಗಟ್ಟಿನ ನಡುವೆ ಗೆರೆ ಎಳೆಯುವ ಉಪಾಯ. ಕೋಟೆಯನ್ನು ಭೇದಿಸುವುದರಲ್ಲೂ ಪೊಲೀಸರು ಪ್ರಕರಣ ಭೇದಿಸುವುದರಲ್ಲೂ ಇರುವುದು ಅದೇ 'ಭಿದ್'.

ಭೇದಕ್ಕೆ ತತ್ತ್ವಶಾಸ್ತ್ರದಲ್ಲಿ ದೊಡ್ಡ ಪೀಠವೇ ಸಿಕ್ಕಿದೆ. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಹೇಳಿದ ಪಂಚಭೇದಗಳು ಇವು: ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವನಿಗೂ ಜೀವನಿಗೂ, ಜೀವನಿಗೂ ಜಡಕ್ಕೂ, ಜಡಕ್ಕೂ ಜಡಕ್ಕೂ ಇರುವ ಭೇದ. ಅವರ ಪ್ರಕಾರ ಇವು ಐದೂ ನಿಜ, ಎಂದಿಗೂ ಅಳಿಯದವು. ಇಲ್ಲಿ 'ಅಂತರ' ಎಂದಿದ್ದರೆ ಮಾತೇ ಕೆಡುತ್ತಿತ್ತು. ಅಂತರವನ್ನು ಕಡಿಮೆ ಮಾಡಬಹುದು. ಭೇದ ಒಂದೋ ಇದೆ, ಇಲ್ಲವೇ ಇಲ್ಲ.

ವ್ಯತ್ಯಾಸ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಣ್ಣಿಗೆ ಬೀಳುವುದು. ಸಂಸ್ಕೃತದಲ್ಲಿ ಅದಕ್ಕೆ ತಲೆಕೆಳಗಾಗುವುದು, ಅದಲುಬದಲಾಗುವುದು ಎಂಬ ಅರ್ಥವಿತ್ತು. ಆ ಹಳೆಯ ವಾಸನೆ ಕನ್ನಡದಲ್ಲಿ ಇನ್ನೂ ಹೋಗಿಲ್ಲ: 'ಊಟದಲ್ಲಿ ವ್ಯತ್ಯಾಸವಾಗಿ ಹೊಟ್ಟೆ ಕೆಟ್ಟಿತು' ಎನ್ನುವಾಗ ನಾವು ಹೋಲಿಕೆ ಮಾಡುತ್ತಿಲ್ಲ, ಏನೋ ಎಡವಟ್ಟಾಯಿತು ಎನ್ನುತ್ತಿದ್ದೇವೆ. ಅದರ ನೆಂಟ 'ವ್ಯತ್ಯಯ'ವಂತೂ ಎಡವಟ್ಟಿಗೇ ಮೀಸಲು. ವಿದ್ಯುತ್ ಪೂರೈಕೆಯಲ್ಲಿ ಆಗುವುದು ವ್ಯತ್ಯಯ.

ಹಾಗಾದರೆ ಭಾಷಾಂತರದಲ್ಲಿರುವ 'ಅಂತರ' ಯಾವುದನ್ನು ಅಳೆಯುತ್ತದೆ?

ಅದು ಬೇರೆಯೇ ಅಂತರ. ಸಮಾಸದ ಕೊನೆಯಲ್ಲಿ ಬಂದಾಗ 'ಅಂತರ' ಎಂದರೆ 'ಇನ್ನೊಂದು'. ಭಾಷಾಂತರ ಎಂದರೆ ಇನ್ನೊಂದು ಭಾಷೆ, ರೂಪಾಂತರ ಇನ್ನೊಂದು ರೂಪ, ಜನ್ಮಾಂತರ ಇನ್ನೊಂದು ಜನ್ಮ, ಪಾಠಾಂತರ ಇನ್ನೊಂದು ಪಾಠ. ಆದರೆ 'ಅಜಗಜಾಂತರ'ದಲ್ಲಿ ಅಂತರ ಮತ್ತೆ ಅಳತೆಗೆ ಮರಳಿದೆ: ಅಜ ಎಂದರೆ ಆಡು, ಗಜ ಎಂದರೆ ಆನೆ, ಇವೆರಡರ ನಡುವಿನಷ್ಟು ದೂರ. 'ಅಜಗಜಾಂತರ ವ್ಯತ್ಯಾಸ' ಎಂದು ಬರೆಯುವವರು ಒಂದೇ ಸಾಮಾನನ್ನು ಎರಡು ಸಲ ತೂಗಿದಂತೆ.

ಇಷ್ಟು ಹೇಳಿದ ಮೇಲೆ 'ಅನಂತರ'ವನ್ನು ಬಿಡುವಂತಿಲ್ಲ. ಅಂತರ ಇಲ್ಲದೆ, ಅಂದರೆ ನಡುವೆ ತೆರಪಿಲ್ಲದೆ ಬರುವುದು ಅನಂತರ. ತಲೆಯ 'ಅ' ಉದುರಿ 'ನಂತರ' ಎಂದಾಗಿದೆ. ನ್ಯಾಯವಾಗಿ ನೋಡಿದರೆ ಆ ತುಂಡಿಗೆ ಅರ್ಥವೇ ಇಲ್ಲ. ಆದರೂ ಎಲ್ಲರೂ ಬರೆಯುತ್ತಾರೆ, ನಾನೂ ಅವಸರದಲ್ಲಿ ಬರೆದಿದ್ದೇನೆ.

'ಕತ್ತೆ ಮತ್ತು ಕುದುರೆಯ ನಡುವಿನ ವ್ಯತ್ಯಾಸ' ಎಂದರೆ ತಪ್ಪೇ?

ತಪ್ಪೆನ್ನಲಾರೆ, ಅದು ಪಠ್ಯಪುಸ್ತಕದ ಕನ್ನಡ. ಬಾಯಲ್ಲಿ ಬರುವುದು 'ಕತ್ತೆಗೂ ಕುದುರೆಗೂ ಏನು ವ್ಯತ್ಯಾಸ?' ಎಂದೇ. ಎರಡಕ್ಕೂ ಚತುರ್ಥಿ, ಎರಡಕ್ಕೂ 'ಊ'. ಇದರಲ್ಲಿ ಒಂದು ಸೊಗಸಿದೆ: ಇಬ್ಬರನ್ನೂ ಸಮನಾಗಿ ನಿಲ್ಲಿಸಿ ಆಮೇಲೆ ಬೇರೆ ಮಾಡುತ್ತೇವೆ. 'ಅದಕ್ಕೂ ಇದಕ್ಕೂ ಏನು ಸಂಬಂಧ?' ಎಂಬುದೂ ಇದೇ ಅಚ್ಚಿನಲ್ಲಿದೆ. ಕೂಡಿಸುವುದಕ್ಕೂ ಬಿಡಿಸುವುದಕ್ಕೂ ಒಂದೇ ಕಟ್ಟು. ವ್ಯತ್ಯಾಸ ಎಂಬ ಪದವನ್ನೇ ಬಳಸದೆ 'ಎಲ್ಲಿಯ ಆಡು, ಎಲ್ಲಿಯ ಆನೆ!' ಎಂದು ಮುಗಿಸಿಬಿಡುವ ದಾರಿಯೂ ಇದೆ.

ಇನ್ನು ವಿಭಕ್ತಿಗಳ ವಿಷಯ: ಬೇರೆ, ಭಿನ್ನ ಎಂಬುವು 'ಗಿಂತ'ದ ಜೊತೆ ಹೋಗುತ್ತವೆ (ಇದು ಅದಕ್ಕಿಂತ ಭಿನ್ನ), ಬೇರ್ಪಡಿಸು ಎಂಬ ಕ್ರಿಯಾಪದ 'ಇಂದ'ವನ್ನು ಕೇಳುತ್ತದೆ (ಹೊಟ್ಟನ್ನು ಕಾಳಿನಿಂದ ಬೇರ್ಪಡಿಸು).

'ತಾರತಮ್ಯ' ಕೆಟ್ಟ ಪದವೇ?

ಹುಟ್ಟಿನಿಂದ ಅಲ್ಲ. ಸಂಸ್ಕೃತದಲ್ಲಿ ಎರಡನ್ನು ಹೋಲಿಸುವಾಗ 'ತರ', ಹಲವನ್ನು ಹೋಲಿಸುವಾಗ 'ತಮ' ಎಂಬ ಪ್ರತ್ಯಯ ಹತ್ತುತ್ತದೆ: ಉಚ್ಚತರ, ಉಚ್ಚತಮ. ಈ ತರ-ತಮಗಳ ಭಾವವೇ ತಾರತಮ್ಯ, ಅಂದರೆ ಹೆಚ್ಚು ಕಡಿಮೆಯ ಮೆಟ್ಟಿಲು. ಮಧ್ವಮತದಲ್ಲಿ ಇದು ಗಂಭೀರವಾದ ಪಾರಿಭಾಷಿಕ ಪದ. ಜೀವರಲ್ಲಿ ತಾರತಮ್ಯ ಮುಕ್ತಿಯಲ್ಲೂ ಉಳಿಯುತ್ತದೆ ಎನ್ನುತ್ತಾರೆ. ಇವತ್ತಿನ ಪತ್ರಿಕೆ ತೆರೆದರೆ ಅದೇ ಪದ ಆರೋಪಿಯ ಕಟಕಟೆಯಲ್ಲಿದೆ: ಲಿಂಗ ತಾರತಮ್ಯ, ವೇತನ ತಾರತಮ್ಯ, ಅನುದಾನ ಹಂಚಿಕೆಯಲ್ಲಿ ತಾರತಮ್ಯ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ಮೇಲೆ ರಾಜ್ಯ ಏನನ್ನು ಮಾಡಕೂಡದು ಎನ್ನುತ್ತದೆಯೋ ಅದನ್ನು ನಾವು ತಾರತಮ್ಯ ಎಂದೇ ಬರೆಯುತ್ತೇವೆ.

ಹಳೆಯ ಅರ್ಥದಲ್ಲಿ ಈಗ ಬಳಸಿದರೆ ಓದುಗರು ತಪ್ಪಾಗಿ ತಿಳಿಯುವುದು ಖಂಡಿತ. 'ತಾರತಮ್ಯ ಜ್ಞಾನ ಇರಬೇಕು' ಎಂದು ಹಿರಿಯರು ಹೇಳುತ್ತಿದ್ದದ್ದು ಮೇಲು ಕೀಳು ಮಾಡು ಎಂದಲ್ಲ, ಯಾವುದಕ್ಕೆ ಎಷ್ಟು ತೂಕ ಎಂದು ಅರಿ ಎಂದು. ಆ ಜಾಗಕ್ಕೆ ಈಗ 'ವಿವೇಚನೆ' ಇದೆ. ವಿವೇಚನೆ, ವಿವೇಕ ಎರಡೂ 'ಬೇರ್ಪಡಿಸು' ಎಂಬ ಅರ್ಥದ ಒಂದೇ ಧಾತುವಿನಿಂದ ಬಂದವು. ನೀರು ಬೆರೆತ ಹಾಲಿನಿಂದ ಹಾಲನ್ನಷ್ಟೇ ಹೀರುತ್ತದೆಂದು ಹೇಳುವ ಹಂಸದ ಕೆಲಸಕ್ಕೆ ನೀರಕ್ಷೀರ ವಿವೇಕ ಎಂದು ಹೆಸರು.

'ಅಲ್ಲ' ಮತ್ತು 'ಇಲ್ಲ' ಎರಡೂ ನಿಷೇಧವೇ. ಬೇರ್ಪಡಿಸುವ ಪದಗಳ ಸಾಲಿನಲ್ಲಿ ಅವಕ್ಕೇನು ಕೆಲಸ?

ನನ್ನ ಮಟ್ಟಿಗೆ ಈ ಸಾಲಿನ ಮೊದಲ ಕುರ್ಚಿ 'ಅಲ್ಲ'ಕ್ಕೆ ಸಲ್ಲಬೇಕು. ಲೋಟವೊಂದನ್ನು ತೋರಿಸಿ 'ಹಾಲಿಲ್ಲ' ಎಂದರೆ ಲೋಟ ಖಾಲಿ, ಅಥವಾ ಅದರಲ್ಲಿ ಹಾಲು ಸೇರಿಲ್ಲ. 'ಹಾಲಲ್ಲ' ಎಂದರೆ ಲೋಟದಲ್ಲಿ ಏನೋ ಇದೆ, ಬೆಳ್ಳಗೂ ಇರಬಹುದು, ಆದರೆ ಅದು ಬೇರೆ ವಸ್ತು. ಒಂದು ಸ್ವರ ಬದಲಾಯಿತು. ಮೊದಲನೆಯದು ಇರವನ್ನು ಅಲ್ಲಗಳೆಯಿತು, ಎರಡನೆಯದು ಗುರುತನ್ನು. ಹಾಗೆ ನೋಡಿದರೆ 'ಅಲ್ಲಗಳೆ' ಎಂಬ ಕ್ರಿಯಾಪದ ಹುಟ್ಟಿದ್ದೂ 'ಅಲ್ಲ'ದಿಂದಲೇ.

ನ್ಯಾಯಶಾಸ್ತ್ರದವರು, ಅಂದರೆ ಹಿಂದಿನ ತರ್ಕಶಾಸ್ತ್ರದ ಪಂಡಿತರು, ಅಭಾವವನ್ನು (ಇಲ್ಲದಿರುವಿಕೆಯನ್ನು) ವಿಂಗಡಿಸುವಾಗ ಇದೇ ಗೆರೆಯನ್ನು ಎಳೆದರು. 'ನೆಲದ ಮೇಲೆ ಗಡಿಗೆ ಇಲ್ಲ' ಎಂಬುದು ಒಂದು ಬಗೆ. 'ಗಡಿಗೆಯು ಬಟ್ಟೆಯಲ್ಲ' ಎಂಬುದು ಇನ್ನೊಂದು, ಅದರ ಹೆಸರು ಅನ್ಯೋನ್ಯಾಭಾವ. ಇದು ಅದಲ್ಲ, ಅದು ಇದಲ್ಲ, ಅಷ್ಟೇ, ಅಂದರೆ ಭೇದವೇ. ಸಂಸ್ಕೃತದಲ್ಲಿ ಎರಡು ಕಡೆಯೂ ಒಂದೇ 'ನ' ಬರುತ್ತದೆ, ಆದ್ದರಿಂದ ವಿವರಣೆ ಬೇಕಾಗುತ್ತದೆ. ಕನ್ನಡದ ಮಗು ಆ ಪಾಠವನ್ನು ಮೂರನೇ ವಯಸ್ಸಿಗೇ ಕಲಿತಿರುತ್ತದೆ. ಮಲಯಾಳದಲ್ಲೂ ಈ ಜೋಡಿ ಗಟ್ಟಿಯಾಗಿ ಉಳಿದಿದೆ; ತಮಿಳಿನ ಆಡುಮಾತಿನಲ್ಲಿ ಬಹುಮಟ್ಟಿಗೆ 'ಇಲ್ಲೈ' ಒಂದೇ ಎರಡೂ ಕೆಲಸ ಮಾಡುತ್ತದೆ.

'ಅಲ್ಲದೆ', 'ಇಲ್ಲದೆ' ಎಂಬ ರೂಪಗಳಲ್ಲೂ ಇದೇ ಗೆರೆ. 'ಅವನಿಲ್ಲದೆ ಕೆಲಸ ನಡೆಯಿತು' ಎಂದರೆ ಅವನು ಬರಲಿಲ್ಲ. 'ಅವನಲ್ಲದೆ ಬೇರೆ ಯಾರು ಮಾಡಿಯಾರು?' ಎಂದರೆ ಅವನೇ ಮಾಡಿದ್ದು.

ಬಿಟ್ಟು, ಹೊರತುಪಡಿಸಿ, ಅಲ್ಲದೆ: ಮೂರನ್ನೂ ಒಂದರ ಬದಲು ಒಂದು ಬಳಸಬಹುದೇ?

ಬೇಡ. ಇದರಲ್ಲಿ ನಾನೇ ಕೈಸುಟ್ಟುಕೊಂಡಿದ್ದೇನೆ. ಹಿಂದೊಮ್ಮೆ ಒಂದು ಸಂಘದ ಸಭೆಯ ಚಿತ್ರಕ್ಕೆ 'ಅಧ್ಯಕ್ಷರನ್ನು ಹೊರತುಪಡಿಸಿ ಐವರು ಸದಸ್ಯರು ಭಾಗವಹಿಸಿದ್ದರು' ಎಂಬ ಸಾಲು ಬಂದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಅಧ್ಯಕ್ಷರೂ ಇದ್ದರು, ಜೊತೆಗೆ ಐವರು ಎಂದು. ನಾನು ಹಾಗೇ ಬಿಟ್ಟೆ. ಮರುದಿನ ಬೆಳಿಗ್ಗೆ, ಚಿತ್ರದ ನಟ್ಟನಡುವೆ ಹಾರ ಹಾಕಿಕೊಂಡು ಕೂತಿದ್ದ ಅಧ್ಯಕ್ಷರೇ ಫೋನ್ ಮಾಡಿ 'ನಾನು ಬಂದಿರಲಿಲ್ಲವೇ?' ಎಂದು ಕೇಳಿದರು.

'ಅಲ್ಲದೆ' ಒಳಗೊಳ್ಳುತ್ತದೆ: 'ಅಧ್ಯಕ್ಷರಲ್ಲದೆ ಐವರು ಸದಸ್ಯರು ಬಂದಿದ್ದರು' ಎಂದರೆ ಒಟ್ಟು ಆರು ತಲೆ. 'ಬಿಟ್ಟು' ಹೊರಗಿಡುತ್ತದೆ, ಅದರಲ್ಲೂ ಹಿಂದೆಯೇ 'ಎಲ್ಲ' ಬಂದರೆ ಸಂಶಯವೇ ಇಲ್ಲ: 'ಅಧ್ಯಕ್ಷರನ್ನು ಬಿಟ್ಟು ಉಳಿದವರೆಲ್ಲ ಬಂದಿದ್ದರು.' 'ಹೊರತುಪಡಿಸಿ'ಯನ್ನು ಹೊರಗಿಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಹೆಸರಿನಲ್ಲೇ ಹೊರಗೆ ಹಾಕುವ ಕೆಲಸ ಇರುವ ಪದವನ್ನು ಸೇರಿಸಿಕೊಳ್ಳಲು ಕರೆದರೆ ಅದೇನು ಮಾಡೀತು?

'ಒಂದೇ' ಏಕೆ ಗೊಂದಲ ಮಾಡುತ್ತದೆ?

'ಇಬ್ಬರಿಗೂ ಒಂದೇ ಪುಸ್ತಕ ಕೊಟ್ಟರು.' ಪುಸ್ತಕದ ಪ್ರತಿ ಒಂದೋ, ಎರಡೋ? ಹಂಚಿಕೊಂಡು ಓದಬೇಕಾದ ಒಂದು ಪ್ರತಿಯೂ ಆಗಬಹುದು, ಒಂದೇ ಹೆಸರಿನ ಎರಡು ಪ್ರತ್ಯೇಕ ಪ್ರತಿಗಳೂ ಆಗಬಹುದು. ಎಣಿಕೆಯ ಒಂದು, ಗುರುತಿನ ಒಂದು, ಎರಡಕ್ಕೂ ನಾವು ಒಂದೇ ಪದ ಇಟ್ಟುಕೊಂಡಿದ್ದೇವೆ. ಕೊನೆಯ 'ಏ', ವ್ಯಾಕರಣದವರು ಅವಧಾರಣೆ ಎನ್ನುವುದು, ಒತ್ತು ಕೊಡುತ್ತದೆಯೇ ಹೊರತು ಯಾವುದಕ್ಕೆ ಎಂದು ಹೇಳುವುದಿಲ್ಲ. 'ಇಬ್ಬರಿಗೂ ಸೇರಿ ಒಂದೇ ಪ್ರತಿ', 'ಇಬ್ಬರಿಗೂ ಅದೇ ಪುಸ್ತಕದ ಒಂದೊಂದು ಪ್ರತಿ' ಎಂದು ಬಿಡಿಸಿ ಬರೆಯುವುದೇ ಉಪಾಯ. 'ಒಂದೊಂದು', 'ಎರಡೆರಡು', 'ತಮ್ಮ ತಮ್ಮ', 'ಆಯಾ' ಎಂಬ ಹಂಚುವ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಜೋಡಿಸಿ ಹೇಳುವುದು ನಮ್ಮ ಭಾಷೆಯ ಹಳೆಯ ಅಭ್ಯಾಸ. 'ಬೇರೆ ಬೇರೆ' ಎಂದಾಗ ಎರಡು ಸಲ ಹೇಳಿದ್ದಕ್ಕೇ ವಸ್ತುಗಳು ಒಂದರಿಂದೊಂದು ದೂರ ಸರಿಯುತ್ತವೆ.

'ಏನು ಬೇಕು', 'ಯಾವುದು ಬೇಕು': ಎರಡಕ್ಕೂ ಫರಕೇನು?

'ಏನು' ಎಂಬ ಪ್ರಶ್ನೆಗೆ ಗೋಡೆಯಿಲ್ಲ. 'ಯಾವುದು' ಎಂದರೆ ಎದುರಿಗೆ ಇಷ್ಟು ವಸ್ತುಗಳಿವೆ, ಆರಿಸು ಎಂದರ್ಥ. ಮನುಷ್ಯರ ವಿಷಯದಲ್ಲಿ ಈ ಭೇದ ನಡೆಯದು. 'ಯಾರು' ಎಂಬುದೇ ಎರಡಕ್ಕೂ ಸಾಕು. 'ಯಾವನು' ಎಂಬ ರೂಪ ಇದೆ, ಆದರೆ ಅದನ್ನು ಬಳಸಿದರೆ ಉತ್ತರದ ಬದಲು ಜಗಳ ಸಿಗುತ್ತದೆ. ಗುಂಪಿನಿಂದ ಒಂದನ್ನು ಎತ್ತಿ ತೋರಿಸುವಾಗ ಸಪ್ತಮಿ ಬರುತ್ತದೆ: ಇವರಲ್ಲಿ ಒಬ್ಬರು, ಹೂಗಳಲ್ಲಿ ಇದು. ಇದಕ್ಕೆ ನಿರ್ಧಾರಣೆ ಎಂದು ಹೆಸರು, ಪಾಣಿನಿಯ ಸೂತ್ರವೇ ಇದೆ: ಯತಶ್ಚ ನಿರ್ಧಾರಣಮ್. ಲೆಕ್ಕದ ಧಾಟಿಯಲ್ಲಿ ಹೇಳಬೇಕಾದರೆ 'ಪೈಕಿ'.

ಕನ್ನಡ ಬೇರ್ಪಡಿಸಲಾಗದ್ದು ಏನಾದರೂ ಇದೆಯೇ?

ಇದೆ, 'ನಾವು'. ತೆಲುಗಿನವರು ಕೇಳುವವರನ್ನೂ ಸೇರಿಸಿಕೊಂಡರೆ 'ಮನಮು', ಬಿಟ್ಟರೆ 'ಮೇಮು' ಎನ್ನುತ್ತಾರೆ. ತಮಿಳಿನಲ್ಲಿ 'ನಾಮ್', 'ನಾಂಗಳ್' ಎಂಬ ಜೋಡಿ. ಇಂದಿನ ಕನ್ನಡದಲ್ಲಿ ಅಂಥ ಎರಡು ಪದಗಳಿಲ್ಲ. 'ನಾವು ನಾಳೆ ಹೊರಡುತ್ತೇವೆ' ಎಂದು ಕೇಳಿಸಿಕೊಂಡವನು ಚೀಲ ಕಟ್ಟಬೇಕೋ ಬೀಳ್ಕೊಡಬೇಕೋ ತಿಳಿಯದು. 'ನಾವೂ ನೀವೂ', 'ನಾವೆಲ್ಲ ಸೇರಿ', 'ನಾವು ಮಾತ್ರ' ಎಂದು ತೇಪೆ ಹಾಕಿಕೊಂಡು ಬದುಕುತ್ತಿದ್ದೇವೆ. ಹಳಗನ್ನಡದಲ್ಲಿ ಅದು, ಇದು ಎಂಬುವುಗಳ ನಡುವೆ 'ಉದು' ಎಂಬ ಮೂರನೆಯದೂ ಇತ್ತು, ತೀರ ಹತ್ತಿರವೂ ಅಲ್ಲದ ದೂರವೂ ಅಲ್ಲದ್ದಕ್ಕೆ. ಅದೂ ಹೋಯಿತು.

ವಿಂಗಡಿಸು, ಬೇರ್ಪಡಿಸು, ಆರಿಸು: ಕ್ರಿಯಾಪದಗಳಲ್ಲಿ ಯಾವುದು ಎಲ್ಲಿಗೆ?

ವಿಂಗಡಿಸುವಾಗ ಎಲ್ಲ ವಸ್ತುವೂ ಒಂದಲ್ಲ ಒಂದು ರಾಶಿಗೆ ಸೇರಲೇಬೇಕು. ಹಸಿ ಕಸ, ಒಣ ಕಸ, ಎರಡೂ ಕಸವೇ. ಬೇರ್ಪಡಿಸಬೇಕಾದರೆ ಮೊದಲು ಅಂಟಿಕೊಂಡಿರಬೇಕು ಅಥವಾ ಬೆರೆತಿರಬೇಕು. ಪ್ರತ್ಯೇಕಿಸುವುದು ಒಂದನ್ನು ಒಂಟಿಯಾಗಿ ದೂರ ಇಡುವುದು. ಅಂದ ಹಾಗೆ, ಹಿಂದಿಯಲ್ಲಿ 'ಪ್ರತ್ಯೇಕ' ಎಂದರೆ 'ಪ್ರತಿಯೊಂದು', ಕನ್ನಡದಲ್ಲಿ 'ಬೇರೆಯಾಗಿ'. ಹಿಂದಿಯಿಂದ ಭಾಷಾಂತರಿಸುವವರು ಇಲ್ಲಿ ಜಾರುತ್ತಾರೆ.

ಇವೆಲ್ಲ ಕಚೇರಿಯ ಪದಗಳು. ಕೈಕೆಲಸದ ಪದಗಳು ಇವಕ್ಕಿಂತ ಎಷ್ಟೋ ಚೂಪು. ಗಾಳಿಗೆ ಹಿಡಿದು ಹೊಟ್ಟನ್ನು ಹಾರಿಸುವುದು ತೂರುವುದು. ಮೊರದಲ್ಲಿ ಕುಣಿಸಿ ಜಳ್ಳನ್ನು ಮುಂದಕ್ಕೆ ತರುವುದು ಕೇರುವುದು. ಗಾತ್ರದ ಮೇಲೆ ಬೇರೆ ಮಾಡುವುದು ಜರಡಿ ಹಿಡಿಯುವುದು. ನೀರಿನಿಂದ ಗಷ್ಟನ್ನು ತಡೆಯುವುದು ಸೋಸುವುದು. ಚೆಲ್ಲಿದ್ದನ್ನು ಒಂದೊಂದಾಗಿ ಎತ್ತುವುದು ಹೆಕ್ಕುವುದು. ಬೇರ್ಪಡಿಸುವ ಕೆಲಸ ಯಾವ ಗುಣದ ಮೇಲೆ ನಡೆಯುತ್ತಿದೆ, ಹಗುರವೋ, ಗಾತ್ರವೋ, ಗಟ್ಟಿಯೋ ಎಂಬುದು ಕ್ರಿಯಾಪದದೊಳಗೇ ಅಡಗಿದೆ.

'ಆರಿಸು' ಮಾತ್ರ ಎರಡು ನಾಲಗೆಯದು. ಹಣ್ಣು ಆರಿಸಿದರೆ ಒಳ್ಳೆಯದು ಕೈಗೆ ಬರುತ್ತದೆ. ಅಕ್ಕಿ ಆರಿಸಿದರೆ ಕೈಗೆ ಬರುವುದು ಕಲ್ಲು. ಚುನಾವಣೆಯಲ್ಲಿ ಆರಿಸಿ ಕಳಿಸುವುದು ಎರಡರಲ್ಲಿ ಯಾವುದೆಂದು ನನ್ನನ್ನು ಕೇಳಬೇಡಿ.

ಎರಡು ವಸ್ತುಗಳನ್ನು ಮಾತಿನಲ್ಲಿ ನಿಖರವಾಗಿ ಬೇರ್ಪಡಿಸುವುದು ಹೇಗೆ?

ತರ್ಕಶಾಸ್ತ್ರದಲ್ಲಿ ಇದಕ್ಕೆ ಹಸುವಿನ ಉದಾಹರಣೆ ಕೊಡುತ್ತಾರೆ, ನಾನು ಈವರೆಗೆ ಅದಕ್ಕಿಂತ ಒಳ್ಳೆಯದನ್ನು ಕಂಡಿಲ್ಲ. ಹಸು ಎಂದರೆ ಯಾವುದು? 'ಕಪಿಲ ಬಣ್ಣದ್ದು' ಎಂದರೆ ಬಿಳಿ ಹಸುಗಳು ಹೊರಗುಳಿಯುತ್ತವೆ; ಇದು ಅವ್ಯಾಪ್ತಿ. 'ಕೊಂಬಿರುವುದು' ಎಂದರೆ ಎಮ್ಮೆಯೂ ಒಳಗೆ ಬಂತು, ಇದು ಅತಿವ್ಯಾಪ್ತಿ. 'ಸೀಳಿಲ್ಲದ ಒಂದೇ ಗೊರಸಿನದು' ಎಂದರೆ ಅಂಥ ಹಸುವೇ ಇಲ್ಲ, ಇದು ಅಸಂಭವ. ಕೊನೆಗೆ ಉಳಿಯುವುದು ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು. ಹೀಗೆ ಒಂದನ್ನು ಮಿಕ್ಕೆಲ್ಲದರಿಂದ ಸರಿಸಿ ನಿಲ್ಲಿಸುವ ಗುಣಕ್ಕೆ ವ್ಯಾವರ್ತಕ ಧರ್ಮ ಎನ್ನುತ್ತಾರೆ. ನಿಯಮಾವಳಿ ಬರೆಯುವವರು, ಅರ್ಹತೆಯ ಪಟ್ಟಿ ಮಾಡುವವರು ತಮ್ಮ ಸಾಲುಗಳನ್ನು ಈ ಮೂರು ದೋಷಗಳ ಎದುರು ಒಮ್ಮೆ ಹಿಡಿದು ನೋಡಬೇಕು. ಬಹುಪಾಲು ಕರಡುಗಳು ಎಮ್ಮೆಯ ಹತ್ತಿರವೇ ಬಿದ್ದುಹೋಗುತ್ತವೆ.

'ವಿಭಿನ್ನ ಪ್ರಯತ್ನ' ಎಂದು ಹೊಗಳುತ್ತಾರಲ್ಲ, ಸರಿಯೇ?

ಹೊಗಳಿಕೆಯ ಅರ್ಥ ಆ ಪದಕ್ಕೆ ಈಚೆಗೆ ಅಂಟಿಕೊಂಡದ್ದು. ಯಾವುದಕ್ಕಿಂತ ವಿಭಿನ್ನ ಎಂದು ಹೇಳದ ಹೊರತು ಅದರಲ್ಲಿ ತಿರುಳಿಲ್ಲ. ಹೊಸತು, ಅಪರೂಪದ್ದು, ವಿಶಿಷ್ಟವಾದದ್ದು, ವಿಲಕ್ಷಣವಾದದ್ದು: ನಿಮ್ಮ ಮನಸ್ಸಿನಲ್ಲಿರುವುದು ಇವುಗಳಲ್ಲಿ ಯಾವುದು ಎಂದು ಗೊತ್ತಿದ್ದರೆ ಅದನ್ನೇ ಬರೆಯಿರಿ. ಗೊತ್ತಿಲ್ಲದವರು 'ವಿಭಿನ್ನ' ಎನ್ನುತ್ತಾರೆ. ಇನ್ನು ಹಲವು ಬಗೆ ಎಂಬ ಅರ್ಥಕ್ಕೆ ಬೇಕಾದದ್ದು 'ವಿವಿಧ'.

ಕಾಗುಣಿತದಲ್ಲಿ ಎಲ್ಲಿ ಎಚ್ಚರ ಬೇಕು?

ವಿಶಿಷ್ಟ, ವೈಶಿಷ್ಟ್ಯ: ಎರಡರಲ್ಲೂ 'ಟ'ಕಾರವೇ, 'ಠ' ಬೇಡ. 'ಬಿನ್ನಹ'ಕ್ಕೂ 'ಭಿನ್ನ'ಕ್ಕೂ ಸಂಬಂಧವಿಲ್ಲ. ಅದು ವಿಜ್ಞಾಪನೆಯಿಂದ ಬಂದ ತದ್ಭವ, 'ಭಿನ್ನಹ' ಎಂದು ಬರೆದು ಕೇಳಿಕೊಂಡರೆ ಕೋರಿಕೆಯೇ ಒಡೆದಂತೆ. 'ಭೇದ'ದಲ್ಲಿ ಮೊದಲ ಅಕ್ಷರ ಮಹಾಪ್ರಾಣ, ಎರಡನೆಯದು ಅಲ್ಪಪ್ರಾಣ. 'ಬೇಧ' ಎಂದು ಉಸಿರನ್ನು ತಪ್ಪು ಜಾಗದಲ್ಲಿ ಬಿಡುವವರೇ ಹೆಚ್ಚು. ಕೊನೆಯ ಸ್ವರವನ್ನೂ ನೋಡಿಕೊಳ್ಳಿ. 'ಭೇದಿ' ಎಂಬುದೂ ಅದೇ ಧಾತುವಿನ ಕೂಸು, ಆದರೆ ಅದಕ್ಕೆ ಔಷಧಿ ಬೇಕು. 'ಪಕ್ಷದಲ್ಲಿ ಮತ್ತೆ ಭೇದಿ ಶುರು' ಎಂಬ ತಲೆಬರಹ ಒಮ್ಮೆ ನನ್ನ ಮೇಜಿಗೆ ಬಂದಿತ್ತು. ತಿದ್ದಲು ಬಹಳ ಹೊತ್ತು ಮನಸ್ಸೇ ಬರಲಿಲ್ಲ.